ಕುಡಿದು ಬೈಕ್ ಓಡಿಸಿದ ಕೇಸು, ತಮ್ಮನಿಗೆ ಕೋರ್ಟಿಗೆ ಹೋಗ್ಲಿಕ್ಕುಂಟು, ಅಲ್ಲಿ ಎಂತ ಆಗ್ತದೆ?

ಪೈವಳಿಕೆಯವಳು

ಎಲ್ಲರಿಗೂ ನಮಸ್ಕಾರ. ಮನೆಯಲ್ಲಿ ಯಾರ ಹತ್ರವೂ ಕೇಳ್ಲಿಕ್ಕಾಗದ ವಿಷಯ, ಹಾಗೆ ಇಲ್ಲಿ ಬರೀತಾ ಇದ್ದೇನೆ. ನನ್ನ ತಮ್ಮ ದುಬಾಯಿಲಿರುದು, ಒಂದೂವರೆ ತಿಂಗಳ ರಜೆಗೆ ಬಂದಿದ್ದ. ಹೋದ ಶನಿವಾರ ಮಂಗ್ಳೂರಲ್ಲಿ ಫ್ರೆಂಡಿನ ಮದುವೆ ರಿಸೆಪ್ಷನ್ ಮುಗ್ಸಿ ರಾತ್ರಿ ಭಾವನ ಬೈಕಲ್ಲಿ ಬರುವಾಗ ತಲಪಾಡಿ ಗಡಿ ದಾಟಿ ಕೇರಳದೊಳಗೆ ಸ್ವಲ್ಪ ಮುಂದೆ ಪೊಲೀಸಿನವರು ಕೈ ಅಡ್ಡ ಹಿಡಿದಿದ್ದಾರೆ, ಊದಿಸಿದ್ದಾರೆ, ಮಷಿನಲ್ಲಿ 86 ಬಂದಿದೆ. ಯಾರಿಗೂ ತಾಗಿಸಿದ್ದಲ್ಲ, ಬಿದ್ದದ್ದೂ ಅಲ್ಲ. ಆಸ್ಪತ್ರೆಗೆ ಕರ್ಕೊಂಡು ಹೋಗಿ ಡಾಕ್ಟರ ಹತ್ರ ಚೆಕ್ ಮಾಡಿಸಿ ಮತ್ತೆ ಸ್ಟೇಷನ್. ಭಾವ ಮತ್ತು ಪಕ್ಕದ ಮನೆಯ ಮಾಷ್ಟ್ರು ಹೋಗಿ ಸಹಿ ಹಾಕಿ ರಾತ್ರಿ ಎರಡು ಗಂಟೆಗೆ ಬಿಡಿಸಿಕೊಂಡು ಬಂದ್ರು. ಅಪ್ಪನಿಗೆ ಬೈಕ್ ಹಾಳಾಗಿತ್ತು ಅಂತ ಹೇಳಿದ್ದೇವೆ.

ಎಫ್‌ಐಆರ್ ಕಾಪಿ ಮಲಯಾಳದಲ್ಲಿದೆ. ನಾನು ಹತ್ತನೇವರೆಗೆ ಕನ್ನಡ ಮೀಡಿಯಂ, ಮಾತಾಡಿದ್ರೆ ಅರ್ಥ ಆಗ್ತದೆ, ಓದ್ಲಿಕ್ಕೆ ಕೂಡಿಸಿ ಕೂಡಿಸಿ ಓದ್ಬೇಕು. ಅದರಲ್ಲಿ 281 ಬಿಎನ್‌ಎಸ್ (ಭಾರತೀಯ ನ್ಯಾಯ ಸಂಹಿತೆ) ಮತ್ತು 185 ಎಂವಿ ಆಕ್ಟ್ (ಮೋಟಾರು ವಾಹನ ಕಾಯ್ದೆ) ಅಂತ ಉಂಟು. ಕೋರ್ಟಿಂದ ಸಮನ್ಸ್ ಬರ್ತದೆ ಆಗ ಬಂದ್ರೆ ಸಾಕು ಅಂತ ಹೇಳಿ ಕಳ್ಸಿದ್ದಾರೆ. ಅವನಿಗೆ ವಾಪಾಸು ಫ್ಲೈಟ್ ಇರುದು ಇನ್ನು 19 ದಿನಕ್ಕೆ. ನನ್ನ ತಲೆಯಲ್ಲಿ ಓಡ್ತಾ ಇರುದು ಇಷ್ಟು: ಜೈಲಿಗೆ ಹಾಕ್ತಾರಾ, ಫೈನ್ ಎಷ್ಟು, ಹೋಗ್ಲಿಕ್ಕೆ ಬಿಡ್ತಾರಾ, ಪಾಸ್‌ಪೋರ್ಟಿಗೆ ಎಂತಾದ್ರೂ ತೊಂದರೆ ಉಂಟಾ? ಅವನ ಪಾಸ್‌ಪೋರ್ಟ್ ಮುಂದಿನ ವರ್ಷ ರಿನ್ಯೂ ಮಾಡ್ಲಿಕ್ಕುಂಟು. ಬೈದ್ರೂ ಪರವಾಗಿಲ್ಲ, ಗೊತ್ತಿದ್ದವರು ಹೇಳಿ.

ಕುಂಬ್ಳೆ ಪ್ಯಾಸೆಂಜರ್

ಅಕ್ಕಾ, ಮೊದ್ಲು ಒಂದು ಲೋಟ ನೀರು ಕುಡೀರಿ. ನಾನು 2023ರಲ್ಲಿ ಇದೇ ಕೇಸಲ್ಲಿ ಹೋಗಿ ಬಂದವ. ಹೇಳ್ಲಿಕ್ಕೆ ನಾಚಿಕೆಯೇ, ಆದ್ರೆ ಆಗ ನನಗೆ ಹೇಳುವವರು ಒಬ್ರೂ ಇರ್ಲಿಲ್ಲ ಹಾಗಾಗಿ ಬರೀತೇನೆ. ನಂದು 279 ಐಪಿಸಿ ಮತ್ತು 185 (ಕುಡಿದು ಓಡಿಸಿದ್ದಕ್ಕೆ ಹಾಕುದು), ಈಗ 2024 ಜುಲೈ 1ರ ನಂತರ ಅದೇ 279 ಹೋಗಿ ಬಿಎನ್‌ಎಸ್ 281 ಆದದ್ದು, ನಂಬರ್ ಬೇರೆ ಆದ್ರೂ ವಿಷಯ ಅದೇ, ಅಜಾಗರೂಕತೆಯಿಂದ ಗಾಡಿ ಓಡಿಸಿದ್ದು ಅಂತ.

ನನಗೆ ಸಮನ್ಸ್ ಬಂದದ್ದು ನಾಲ್ಕು ತಿಂಗಳಾದ ಮೇಲೆ, ಅಷ್ಟರಲ್ಲಿ ನಾನು ಕೇಸು ಹೋಯ್ತು ಅಂತಲೇ ಲೆಕ್ಕ ಹಾಕಿದ್ದೆ. ಕಾಸರಗೋಡಿನ ವಿದ್ಯಾನಗರ ಕೋರ್ಟಿಗೆ ಬೆಳಿಗ್ಗೆ 10 ಗಂಟೆಗೇ ಹೋಗಿ ನಿಂತೆ. ಕೋರ್ಟ್ ಕೂತುಕೊಳ್ಳುದು 11ಕ್ಕೆ. ಸಿನಿಮಾದಲ್ಲಿ ನೋಡಿದ ಹಾಗೆ ಒಬ್ಬನದ್ದೇ ಕೇಸು ಅಲ್ಲಿ ನಡೆಯುದಲ್ಲ, ಹೆಸರು ಕರೆಯುತ್ತಾ ಹೋಗ್ತಾರೆ, ಚೆಕ್ ಬೌನ್ಸಿನವರು, ಹೆಲ್ಮೆಟಿನವರು, ಮರಳಿನವರು, ಜಾಗದ ಗಲಾಟೆಯವರು ಎಲ್ಲ ಒಂದೇ ಬಾಗಿಲಲ್ಲಿ. ಕರೆಯುವಾಗ ಹೊರಗೆ ಚಾ ಕುಡೀತಾ ಇದ್ರೆ ಕೆಲಸ ಕೆಟ್ಟಿತು, ಒಳಗೇ ಕೂತಿರ್ಬೇಕು. ನನ್ನ ಮನೆ ಹೆಸರನ್ನು ಅವರು ಮಲಯಾಳದಲ್ಲಿ ಕರೆದ ಶೈಲಿಗೆ ನನ್ನದೇ ಅಂತ ನನಗೆ ಗೊತ್ತಾಗ್ಲಿಲ್ಲ, ಪಕ್ಕದಲ್ಲಿ ಕೂತಿದ್ದ ಬ್ಯಾರಿ ಒಬ್ರು ಮೊಣಕೈಯಿಂದ ತಿವಿದು ಎಬ್ಬಿಸಿದ್ರು.

ಕಟಕಟೆಯಲ್ಲಿ ನಿಂತೆ. ಇಂಥ ದಿನ ಇಂಥ ಕಡೆ ಮದ್ಯ ಕುಡಿದು ಗಾಡಿ ಓಡಿಸಿದ್ದೀ ಅಂತ ಆರೋಪ, ಒಪ್ತೀಯಾ ಅಂತ ಕೇಳಿದ್ರು. ಮಲಯಾಳದಲ್ಲಿ ಕೇಳಿದ್ದು. ನಾನು ಕನ್ನಡದಲ್ಲಿ ಒಪ್ತೇನೆ ಸ್ವಾಮಿ ಅಂದೆ, ಕೆಳಗೆ ಕೂತಿದ್ದ ಕ್ಲರ್ಕು ಅದನ್ನು ಮಲಯಾಳಕ್ಕೆ ಹಾಕಿದ್ರು. ಮೊದ್ಲು ಎಂತಾದ್ರೂ ಕೇಸುಂಟಾ, ಎಂತ ಕೆಲಸ, ಮನೆಯಲ್ಲಿ ಯಾರೆಲ್ಲ ಅಂತ ಮೂರು ಪ್ರಶ್ನೆ. ಮೂರು ನಿಮಿಷ ಆಗಿರ್ಲಿಕ್ಕಿಲ್ಲ. 185ಕ್ಕೆ ಹತ್ತು ಸಾವಿರ, 279ಕ್ಕೆ ಒಂದು ಸಾವಿರ, ಮತ್ತೆ 'ಕೋರ್ಟ್ ಏಳುವ ತನಕ ಸಜೆ'.

ಈ ಕಡೇದ್ದು ಕೇಳಿ ನನ್ನ ಕಾಲು ನಡುಗಿದ್ದು. ಸಜೆ ಅಂದ್ರೆ ಜೈಲು ಅಂತಲೇ ನಾನು ತಿಳ್ಕೊಂಡದ್ದು. ಹಾಗಲ್ಲ, ಜಡ್ಜಿ ಆ ದಿನದ ಕೆಲಸ ಮುಗ್ಸಿ ಏಳುವಲ್ಲಿವರೆಗೆ ಅಲ್ಲೇ ಹಾಲ್‌ನಲ್ಲಿ ಹಿಂದಿನ ಬೆಂಚಲ್ಲಿ ಕೂತಿರುದು. ಫೋನ್ ಮುಟ್ಲಿಕ್ಕಿಲ್ಲ, ನಿದ್ರೆ ತೂಗ್ಲಿಕ್ಕಿಲ್ಲ. ನನ್ನ ಅದೃಷ್ಟಕ್ಕೆ ಆ ದಿನ ಯಾವುದೋ ಅಡಿಪಿಡಿ (ಹೊಡೆದಾಟ) ಕೇಸಲ್ಲಿ ಸಾಕ್ಷಿ ವಿಚಾರಣೆ ಇತ್ತು, ಜಡ್ಜಿ ಎದ್ದದ್ದು 4:50ಕ್ಕೆ. ಸಂಜೆ ಹೊರಗೆ ಬಂದು ಗೋಳಿಬಜೆ ತಿಂದ ರುಚಿ ಇನ್ನೂ ನೆನಪುಂಟು. ಮತ್ತೆ, ದುಡ್ಡು ಕೈಯಲ್ಲೇ ತಕ್ಕೊಂಡು ಹೋಗಿ. ಫೈನ್ ಅಲ್ಲೇ ಕಟ್ಟಿ ರಶೀದಿ ತಕ್ಕೊಳ್ಬೇಕು, ಕಟ್ಟದಿದ್ರೆ ಬದ್ಲಿಗೆ ಇಷ್ಟು ದಿನ ಜೈಲು ಅಂತ ಅದೇ ಆರ್ಡರಲ್ಲಿ ಬರ್ದಿರ್ತಾರೆ.

ಕೋರ್ಟಿಗಿಂತ ನನ್ನನ್ನು ಸತಾಯಿಸಿದ್ದು ಲೈಸೆನ್ಸು. ಅದನ್ನು ಬೇರೆ ಬರೀತೇನೆ, ಈಗ ಡ್ಯೂಟಿಗೆ ಹೊತ್ತಾಯ್ತು.

ಗಡಿನಾಡ ಗಂಡುಗಲಿ

ಇಷ್ಟೆಲ್ಲ ತಲೆಬಿಸಿ ಎಂತಕೆ ಮಾರಾಯ್ರೆ, ಸ್ಟೇಷನಲ್ಲೇ ಸೆಟ್ಲ್ ಮಾಡ್ಬಹುದಿತ್ತು. ಸ್ಪಾಟ್ ಫೈನ್ ಕಟ್ಟಿ ಬರ್ಬೇಕಿತ್ತು. 2019ರಲ್ಲಿ ಕೇರಳ ಸರ್ಕಾರ ಫೈನ್ ಎಲ್ಲ ಕಡಿಮೆ ಮಾಡಿದೆ. ಇನ್ನು ಒಳ್ಳೆ ವಕೀಲರನ್ನು ಹಿಡ್ದು ಮಷಿನ್ ಸರಿ ಇಲ್ಲ ಅಂತ ಹೇಳಿಸಿ, ಕೇಸು ಹಾರಿಹೋಗ್ತದೆ. ಫ್ಲೈಟ್ ಹತ್ಲಿಕ್ಕೆ ಹೇಳಿ, ಗಲ್ಫಿಗೆ ಹೋದವನನ್ನು ಹುಡುಕ್ಕೊಂಡು ಯಾರು ಬರ್ತಾರೆ?

ಕರಿಕೋಟಿನ ಗುಮಾಸ್ತ

ಮೇಲೆ ಬರೆದ ಗಂಡುಗಲಿಯವರ ಮಾತು ಕೇಳಿ ಹೋದವರ ಫೈಲುಗಳೇ ನಮ್ಮ ಆಫೀಸಿನ ಅಟ್ಟದಲ್ಲಿರುದು. ನಾನು ವಕೀಲ ಅಲ್ಲ, ಒಬ್ರು ವಕೀಲರ ಹತ್ರ ಗುಮಾಸ್ತ, 14 ವರ್ಷ ಆಯ್ತು. ಒಂದೊಂದೇ ಹೇಳ್ತೇನೆ ತಂಗೀ, ಉದ್ದ ಆದ್ರೆ ಬೇಜಾರು ಮಾಡ್ಬೇಡಿ.

ಸ್ಪಾಟ್ ಫೈನ್ ಅಂತ 185ಕ್ಕೆ ಇಲ್ಲವೇ ಇಲ್ಲ. ಹೆಲ್ಮೆಟು, ಸೀಟ್ ಬೆಲ್ಟು ಇದಕ್ಕೆಲ್ಲ ರಸ್ತೆಯಲ್ಲೇ ಕಟ್ಟಿ ಮುಗಿಸ್ಲಿಕ್ಕೆ ಕಾನೂನಲ್ಲಿ ದಾರಿ ಉಂಟು, ಕೇರಳ ಕಡಿಮೆ ಮಾಡಿದ್ದೂ ಅಂಥವುಗಳದ್ದೇ. ಕುಡಿದು ಓಡಿಸಿದ್ದಕ್ಕೆ ಆ ದಾರಿ ಇಲ್ಲ, ಕೋರ್ಟಿಗೇ ಹೋಗ್ಬೇಕು. 2019 ಸೆಪ್ಟೆಂಬರ್ 1ರ ಮೊದ್ಲು 'ಎರಡು ಸಾವಿರದವರೆಗೆ' ಅಂತ ಇತ್ತು, ಜಡ್ಜಿಗೆ ಐನೂರು ಹಾಕ್ಲಿಕ್ಕೂ ಆಗ್ತಿತ್ತು. ಈಗ 'ಹತ್ತು ಸಾವಿರ' ಅಂತಲೇ ಇರುದು, 'ವರೆಗೆ' ಎಂಬ ಮಾತು ಹೋಗಿದೆ, ಹಾಗಾಗಿ ಬಡವ ಸ್ವಾಮಿ ಅಂತ ಅತ್ತರೂ ಕಡಿಮೆ ಆಗುದು ಕಷ್ಟ. ಮೊದಲ ಸಲಕ್ಕೆ ಆರು ತಿಂಗಳವರೆಗೆ ಜೈಲು ಇಲ್ಲವೇ ಹತ್ತು ಸಾವಿರ ಇಲ್ಲವೇ ಎರಡೂ. ಎರಡನೇ ಸಲ ಸಿಕ್ಕಿಬಿದ್ರೆ ಎರಡು ವರ್ಷದವರೆಗೆ ಜೈಲು ಇಲ್ಲವೇ 15 ಸಾವಿರ ಇಲ್ಲವೇ ಎರಡೂ. ಮೊದ್ಲು ಮೂರು ವರ್ಷದೊಳಗೆ ಸಿಕ್ಕಿದ್ರೆ ಮಾತ್ರ ಎರಡನೇದ್ದು ಅಂತ ಲೆಕ್ಕ ಇತ್ತು, ಆ ಮೂರು ವರ್ಷದ ಮಾತನ್ನೂ ತೆಗ್ದಿದ್ದಾರೆ. ಇದನ್ನು ತಮ್ಮನ ಕಿವಿಗೆ ಹಾಕಿ. 281ಕ್ಕೆ ಆರು ತಿಂಗಳವರೆಗೆ ಅಥವಾ ಸಾವಿರ ರೂಪಾಯಿವರೆಗೆ. ಎರಡೂ ಜಾಮೀನು ಕೊಡುವ ಕೇಸೇ, ಅದಕ್ಕೇ ಸ್ಟೇಷನಲ್ಲೇ ಬಿಟ್ಟದ್ದು. ಇದು ಮೊದಲ ಸಲ, ಆಕ್ಸಿಡೆಂಟ್ ಇಲ್ಲ ಅಂತಾದ್ರೆ ನಾನು ನೋಡಿದ ಮಟ್ಟಿಗೆ ಕುಂಬ್ಳೆಯವರು ಹೇಳಿದ ಹಾಗೇ ಆಗುದು, ಫೈನ್ ಮತ್ತು ಕೋರ್ಟ್ ಏಳುವ ತನಕ. ಆದ್ರೆ ಅದು ಜಡ್ಜಿ ಮರ್ಜಿ, ಸುಪ್ರೀಂ ಕೋರ್ಟಿನ ರೋಡ್ ಸೇಫ್ಟಿ ಕಮಿಟಿ 2015ರಲ್ಲೇ ಮೊದಲ ಸಲದವರಿಗೂ ಜೈಲು ಕೇಳಿ ಅಂತ ಪೊಲೀಸರಿಗೆ ಹೇಳಿದೆ.

ಮಷಿನ್ ವಿಷಯ. ಮಿತಿ ಇರುದು 100 ಮಿಲಿ ರಕ್ತಕ್ಕೆ 30 ಮಿಲಿಗ್ರಾಂ. 86 ಅಂದ್ರೆ ಹತ್ರ ಹತ್ರ ಮೂರು ಪಟ್ಟು, ಇಲ್ಲಿ ಮಷಿನ್ ಸ್ವಲ್ಪ ಆಚೀಚೆ ಅಂತ ಹೇಳಿ ಎಂತ ಪ್ರಯೋಜನ. ಆದ್ರೂ ಪ್ರಿಂಟ್ ಕಾಪಿ ಒಮ್ಮೆ ಕಣ್ಣುಬಿಟ್ಟು ನೋಡಿ. ಊದಿಸುವ ಮೊದ್ಲು ಮಷಿನನ್ನು ಖಾಲಿ ಗಾಳಿಯಲ್ಲಿ ಟೆಸ್ಟ್ ಮಾಡಿರ್ಬೇಕು, ಅದು ಸೊನ್ನೆ ತೋರಿಸ್ಬೇಕು. ಸೊನ್ನೆ ಬಾರದೆ ಬೇರೆ ನಂಬರ್ ಬಂದಿದ್ದ ಒಂದು ಕೇಸಲ್ಲಿ ಕೇರಳ ಹೈಕೋರ್ಟು 185ನ್ನು ತೆಗ್ದುಹಾಕಿದ್ದುಂಟು. ಹಾಗೆಯೇ ಅರೆಸ್ಟ್ ಆಗಿ ಎರಡು ಗಂಟೆಯೊಳಗೆ ಡಾಕ್ಟರ ಹತ್ರ ಕರ್ಕೊಂಡು ಹೋಗ್ಬೇಕು ಅಂತ ಕಾನೂನು, ನಿಮ್ಮ ತಮ್ಮನದ್ದು ಅದು ಆಗಿದೆ. ಊದುದಿಲ್ಲ ಅಂತ ಹಠ ಮಾಡಿದ್ರೆ ಬಚಾವು ಅಂತ ಕೆಲವರ ಲೆಕ್ಕ, ಸರಿಯಾದ ಕಾರಣ ಇಲ್ಲದೆ ಊದದಿದ್ರೆ ಅದೂ ಇವನ ವಿರುದ್ಧದ ಸಾಕ್ಷಿಗೆ ಬಲ ಕೊಡ್ತದೆ. ಇದರಲ್ಲಿ ಎಲ್ಲ ಸರಿ ಇದ್ರೆ, ನಾಲ್ಕು ವರ್ಷ ಕೇಸು ಎಳೆದು ವಕೀಲರ ಫೀಸು ಕಟ್ಟುದಕ್ಕಿಂತ ಒಪ್ಪಿ ಮುಗಿಸುದೇ ಒಳ್ಳೇದು ಅಂತ ನಮ್ಮ ವಕೀಲರೇ ಕಕ್ಷಿದಾರರಿಗೆ ಹೇಳುದು, ಅವರಿಗೆ ಅದರಲ್ಲಿ ನಷ್ಟವೇ!

ಎಫ್‌ಐಆರಲ್ಲಿ ಕೇರಳ ಪೊಲೀಸ್ ಆಕ್ಟಿನ 118(ಎ) ಅಂತ ಉಂಟಾ ಅಂತಲೂ ನೋಡಿ. ನೀವು ಬರೆದದ್ರಲ್ಲಿ ಇಲ್ಲ, ಒಳ್ಳೇದಾಯ್ತು. ಅದು ಸಾರ್ವಜನಿಕ ಜಾಗದಲ್ಲಿ ಕುಡಿದು ಮೈಮೇಲೆ ಎಚ್ಚರ ಇಲ್ಲದೆ ಇದ್ದವರಿಗೆ ಹಾಕುದು, ಮೂರು ವರ್ಷದವರೆಗೆ ಹೋಗ್ತದೆ. ನಮ್ಮ ಜಿಲ್ಲೆಯದ್ದೇ ಒಂದು ಕೇಸಲ್ಲಿ ಹೈಕೋರ್ಟು 2021ರಲ್ಲಿ ಬರೀ ವಾಸನೆ ಬಂತು ಅಂತ ಆ ಸೆಕ್ಷನ್ ಹಾಕ್ಲಿಕ್ಕಾಗುದಿಲ್ಲ ಅಂತ ಹೇಳಿದೆ.

ಈಗ ನಿಮ್ಮ ನಿಜವಾದ ತಲೆಬಿಸಿ, ಗಲ್ಫು. ಜಾಮೀನಲ್ಲಿ ಊರು ಬಿಡ್ಬಾರ್ದು ಅಂತ ಷರತ್ತು ಹಾಕದಿದ್ರೆ ಹೋಗ್ಲಿಕ್ಕೆ ತಡೆ ಇಲ್ಲ, ಜಾಮೀನಿನ ಕಾಗದ ಓದಿಸಿ. ಹೋದ ಮೇಲೆ ಸಮನ್ಸ್ ಬಂದು ಇವ ಹಾಜರಾಗದಿದ್ರೆ ಮೊದ್ಲು ಜಾಮೀನು ಸಿಗುವ ವಾರಂಟು, ಮತ್ತೆ ಸಿಗದ ವಾರಂಟು, ಆಮೇಲೆ ಆಳು ಸಿಕ್ಕುದಿಲ್ಲ ಅಂತ ಫೈಲನ್ನು ಲಾಂಗ್ ಪೆಂಡಿಂಗ್ ರಿಜಿಸ್ಟರಿಗೆ ಹಾಕ್ತಾರೆ. ಹತ್ತು ಸಾವಿರದ ಕೇಸು ಅಲ್ಲಿ ಎಲ್‌ಪಿ ಆಗಿ ಕೂತಿರ್ತದೆ, ಜಾಮೀನು ನಿಂತ ನಿಮ್ಮ ಭಾವನಿಗೂ ಮಾಷ್ಟ್ರಿಗೂ ನೋಟೀಸು ಬರ್ತದೆ. ಮತ್ತೆ ಪಾಸ್‌ಪೋರ್ಟು. ಇದನ್ನು ಜನ ತಿರುಗಿಸಿ ತಿಳ್ಕೊಂಡಿದ್ದಾರೆ. ಶಿಕ್ಷೆ ಆದ್ರೆ ಪಾಸ್‌ಪೋರ್ಟ್ ಹೋಯ್ತು ಅಂತ ಹೆದರಿ ಕೇಸನ್ನು ಎಳೀತಾರೆ. ಪಾಸ್‌ಪೋರ್ಟ್ ಕಾಯ್ದೆಯಲ್ಲಿ ಶಿಕ್ಷೆ ಅಡ್ಡ ಬರುದು ನೈತಿಕ ಅಧಃಪತನದ ಅಪರಾಧಕ್ಕೆ ಎರಡು ವರ್ಷಕ್ಕೆ ಕಡಿಮೆಯಿಲ್ಲದ ಶಿಕ್ಷೆ ಆಗಿದ್ರೆ. ಕೋರ್ಟ್ ಏಳುವ ತನಕದ್ದು ಅದರ ಹತ್ರಕ್ಕೂ ಬರುದಿಲ್ಲ. ಅಡ್ಡ ಬರುದು ಕೋರ್ಟಲ್ಲಿ ಬಾಕಿ ಇರುವ ಕೇಸು, 6(2)(ಎಫ್) ಅಂತ, ಆಗ ಕೋರ್ಟಿಂದ ಅನುಮತಿ ತಂದು ಕೊಡ್ಬೇಕಾಗ್ತದೆ. ದುಬಾಯಿಯಿಂದ ರಿನ್ಯೂಗೆ ಹಾಕಿದ್ರೂ ವೆರಿಫಿಕೇಶನ್ ಬರುದು ನಿಮ್ಮ ಸ್ಟೇಷನಿಗೇ. ಮುಂದಿನ ವರ್ಷ ರಿನ್ಯೂ ಅಂದ್ರಲ್ಲ, ಅಷ್ಟರೊಳಗೆ ಕೇಸು ಮುಗೀಬೇಕು.

ಹೇಗೆ ಅಂದ್ರೆ, ಸ್ಟೇಷನಿಗೆ ಹೋಗಿ ವಿಷಯ ಹೇಳಿ, ಹೋಗ್ಲಿಕ್ಕುಂಟು, ಚಾರ್ಜ್‌ಶೀಟ್ ಬೇಗ ಹಾಕಿ ಅಂತ ಮರ್ಯಾದೆಯಲ್ಲಿ ಕೇಳಿ. ಆಕ್ಸಿಡೆಂಟ್ ಇಲ್ಲದ ಕೇಸಲ್ಲಿ ತನಿಖೆ ಮಾಡ್ಲಿಕ್ಕೆ ಹೆಚ್ಚು ಎಂತದ್ದೂ ಇರುದಿಲ್ಲ, ಡಾಕ್ಟರ ಸರ್ಟಿಫಿಕೇಟು, ಪ್ರಿಂಟು, ಸಾಕ್ಷಿಗಳ ಹೇಳಿಕೆ, ಆಯ್ತು. ಕೋರ್ಟಲ್ಲಿ ನಂಬರ್ ಬಿದ್ದು ತಾರೀಕು ದೂರ ಇದ್ರೆ ವಕೀಲರ ಮೂಲಕ ಮುಂಚಿತ ಮಾಡ್ಲಿಕ್ಕೆ ಅರ್ಜಿ ಹಾಕ್ಲಿಕ್ಕಾಗ್ತದೆ. 19 ದಿನದಲ್ಲಿ ಆಗದಿದ್ರೆ ಹೋಗುವ ಮೊದ್ಲು ವಕಾಲತ್ತಿಗೆ (ವಕೀಲರಿಗೆ ಕೊಡುವ ಅಧಿಕಾರಪತ್ರ) ಸಹಿ ಹಾಕಿಸಿಡಿ, ಮತ್ತೆ ಅಲ್ಲಿಂದ ಕಾನ್ಸುಲೇಟಿನ ಸೀಲು ಅದು ಇದು ಅಂತ ಅಲೆಯುದು ಬೇಡ. ಖುದ್ದು ಹಾಜರಾತಿಗೆ ವಿನಾಯ್ತಿ ಕೇಳಿ ವಕೀಲರ ಮೂಲಕ ಹಾಜರಾಗ್ಲಿಕ್ಕೆ ಕೇಳ್ಬಹುದು, ಕೊಡುದು ಮ್ಯಾಜಿಸ್ಟ್ರೇಟರಿಗೆ ಬಿಟ್ಟದ್ದು. ಇನ್ನೊಂದು, ಆರು ತಿಂಗಳವರೆಗಿನ ಶಿಕ್ಷೆಯ ಕೇಸನ್ನು ಕೋರ್ಟು ಒಂದು ವರ್ಷದೊಳಗೆ ತಕ್ಕೊಳ್ಬೇಕು ಅಂತ ಉಂಟು, ಇದನ್ನು ಕೇಳಿ ಒಂದು ವರ್ಷ ಸುಮ್ಮನೆ ಕೂತ್ರೆ ತಪ್ಪಿಸಿಕೊಳ್ಬಹುದು ಅಂತ ಗಂಡುಗಲಿಯವರು ಬರೆಯುವ ಮೊದ್ಲು ಹೇಳ್ತೇನೆ, ಹನ್ನೊಂದನೇ ತಿಂಗಳಲ್ಲಿ ಹಾಕಿದ ಚಾರ್ಜ್‌ಶೀಟುಗಳನ್ನು ನಾನು ಬೇಕಾದಷ್ಟು ನೋಡಿದ್ದೇನೆ.

ಭಾಷೆಗೆ ಹೆದರ್ಬೇಡಿ. ನನಗೆ ಅರ್ಥ ಆಗ್ಲಿಲ್ಲ, ಕನ್ನಡದಲ್ಲಿ ಹೇಳಿ ಅಂತ ಕಟಕಟೆಯಲ್ಲಿ ನಿಂತು ಕೇಳ್ಲಿಕ್ಕೆ ಹಕ್ಕುಂಟು, ಕಾಸರಗೋಡಿನ ಕೋರ್ಟಿಗೆ ಅದು ಹೊಸತೂ ಅಲ್ಲ. ಅರ್ಥ ಆಗದೆ ತಲೆ ಆಡ್ಸಿ ಒಪ್ಪಿದ್ದೇ ದೊಡ್ಡ ತಪ್ಪು.

ಕುಂಬ್ಳೆ ಪ್ಯಾಸೆಂಜರ್

ಡ್ಯೂಟಿ ಮುಗೀತು. ಗುಮಾಸ್ತಣ್ಣ ಹೇಳಿದ್ದಕ್ಕೆಲ್ಲ ನನ್ನದೊಂದು ಸಹಿ. ಲೈಸೆನ್ಸಿನ ಕತೆ: ಪೊಲೀಸರು ಅದನ್ನು ಆರ್‌ಟಿಒಗೆ ಕಳ್ಸಿದ್ರು. ಅಲ್ಲಿಂದ ಎಂತಕೆ ಸಸ್ಪೆಂಡ್ ಮಾಡ್ಬಾರ್ದು ಅಂತ ನೋಟೀಸು. ನಾನು ಕೋರ್ಟಿಗೆ ಫೈನ್ ಕಟ್ಟಿದ್ದೇನೆ ಮತ್ತೆ ಎಂತಕೆ ಇದು ಅಂತ ಕೇಳಿದೆ, ಅದು ಬೇರೆ ಇದು ಬೇರೆ ಅಂದ್ರು, ನಿಜವೇ. ಕಡಿಮೆ ಅಂದ್ರೆ ಮೂರು ತಿಂಗಳು. ವಾಪಾಸು ಸಿಗ್ಬೇಕಾದ್ರೆ ಟ್ರೈನಿಂಗ್ ಮಾಡ್ಬೇಕು ಅಂತ ನನ್ನನ್ನು ಕಳ್ಸಿದ್ದು ಎಡಪ್ಪಾಳಿಗೆ, ಮಲಪ್ಪುರಂ ಜಿಲ್ಲೆ! ಪರಶುರಾಮ್ ರೈಲಲ್ಲಿ ಕುಟ್ಟಿಪ್ಪುರಂಗೆ ಹೋಗಿ ಅಲ್ಲಿಂದ ಬಸ್ಸು. ಕ್ಲಾಸಲ್ಲಿ ಅರ್ಧಕ್ಕರ್ಧ ಬಸ್ ಡ್ರೈವರುಗಳು, ನನ್ನನ್ನು ನೋಡಿ ಬೈಕಿನವ ಎಂತಕೆ ಬಂದದ್ದು ಅಂತ ನಗಾಡಿದ್ರು. ಆ ಮೂರು ತಿಂಗಳು ಕುಂಬ್ಳೆಯಿಂದ ಕೆಲಸಕ್ಕೆ ರೈಲಲ್ಲೇ ಹೋದದ್ದು, ನನ್ನ ಹೆಸರು ಬಂದದ್ದೂ ಹಾಗೆ.

ನಿಮ್ಮ ತಮ್ಮನಿಗೆ ಅಲ್ಲಿಯ ಲೈಸೆನ್ಸು ಬೇರೆ ಇರ್ಬಹುದು, ಆದ್ರೂ ಇಲ್ಲಿದ್ದು ಸಸ್ಪೆಂಡ್ ಇರುವಾಗ ರಜೆಯಲ್ಲಿ ಬಂದು ಬೈಕ್ ಮುಟ್ಟಿದ್ರೆ ಅದು ಇನ್ನೊಂದು ಕೇಸು.

ಮೀಯಪದವಿನ ಅಮ್ಮ

ನನಗೆ ಬೈಯುವ ಮನಸ್ಸಿಲ್ಲ, ಆದ್ರೆ ಹೇಳದೆ ಇರ್ಲಿಕ್ಕೂ ಆಗುದಿಲ್ಲ. ನನ್ನ ಗಂಡನಿಗೆ ಹೀಗೇ ಒಬ್ಬ ಕುಡಿದವ ಗುದ್ದಿದ್ದು, ಬದುಕಿದ್ದಾರೆ, ತೋಟಕ್ಕೆ ಇಳೀಲಿಕ್ಕೆ ಆಗುದಿಲ್ಲ. ಆ ಹುಡುಗನ ಅಕ್ಕನೂ ಆಸ್ಪತ್ರೆಯ ವರಾಂಡದಲ್ಲಿ ಕೂತು ಅತ್ತಿದ್ಳು. ನೀವು ಜೈಲುಂಟಾ ಫೈನೆಷ್ಟು ಅಂತೆಲ್ಲ ಕೇಳಿದ್ರಿ, ಅದಕ್ಕೆ ಉತ್ತರ ಸಿಕ್ಕಿತು. ಅದೇ ರಾತ್ರಿ ಅವನ ಬೈಕಿಗೆ ಒಬ್ಬರು ಅಡ್ಡ ಬಂದು ಸತ್ತಿದ್ರೆ ಅದು ಬಿಎನ್‌ಎಸ್ 106, ಐದು ವರ್ಷದವರೆಗೆ ಜೈಲು. ಇನ್ಶೂರೆನ್ಸಿನವರು ಗುದ್ದಿಸಿಕೊಂಡವರಿಗೆ ದುಡ್ಡು ಕೊಡ್ತಾರೆ, ಮತ್ತೆ ಅದನ್ನು ಕುಡಿದವನ ಹತ್ರ ವಸೂಲಿಗೆ ಬರ್ತಾರೆ. ನಿಮ್ಮ ಅಪ್ಪನಿಗೆ ಬೈಕ್ ಹಾಳಾಗಿತ್ತು ಅಂತ ಹೇಳಿದ್ದೀರಲ್ಲ, ಸಮನ್ಸ್ ತಕ್ಕೊಂಡು ಪೊಲೀಸ್ ಮನೆಗೆ ಬಂದಾಗ ಜಗಲಿಯಲ್ಲಿ ಕೂತಿರುದು ಅವರೇ ಆಗಿರ್ತಾರೆ.

ಪೈವಳಿಕೆಯವಳು

ಎಲ್ಲರಿಗೂ ಉಪಕಾರ. ಅಮ್ಮಾ, ನೀವು ಬರೆದದ್ದನ್ನು ತಮ್ಮನಿಗೆ ಓದಿ ಹೇಳಿದೆ, ಎಂತದ್ದೂ ಮಾತಾಡ್ಲಿಲ್ಲ, ಎದ್ದು ಹೊರಗೆ ಹೋದ. ಗುಮಾಸ್ತಣ್ಣ, ಪ್ರಿಂಟಲ್ಲಿ ಮೊದಲ ಸಾಲು ಸೊನ್ನೆ ಅಂತಲೇ ಉಂಟು, ಆಮೇಲೆ 86. ಹಾಗಾಗಿ ಆ ದಾರಿ ಬಿಟ್ಟೆವು. ಒಂದು ಸಂಶಯ, ಒಪ್ಪಿಕೊಳ್ಳುವ ಕೇಸಿಗೆ ವಕೀಲರು ಬೇಕೇ ಬೇಕಾ?

ಕರಿಕೋಟಿನ ಗುಮಾಸ್ತ

ಖುದ್ದು ಹೋಗಿ ಒಪ್ಪಿಕೊಳ್ಳುದಾದ್ರೆ ಬೇಕಂತ ಇಲ್ಲ, ಕುಂಬ್ಳೆಯವರು ಹೋದ ಹಾಗೆ ಹೋಗ್ಬಹುದು. ನಿಮ್ಮದರಲ್ಲಿ ತಾರೀಕಿನ ಅರ್ಜಿ, ವಿನಾಯ್ತಿ ಎಲ್ಲ ಬರುದರಿಂದ ಒಬ್ರು ಇರುದು ಒಳ್ಳೇದು. ಫೀಸು ಮೊದ್ಲೇ ಮಾತಾಡಿ. ಕೈಯಲ್ಲಿ ಆಗದಿದ್ರೆ ಕೋರ್ಟ್ ಕಾಂಪ್ಲೆಕ್ಸಲ್ಲೇ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದ ಆಫೀಸುಂಟು, ಅಲ್ಲಿ ವಿಚಾರಿಸಿ, ಆದ್ರೆ ಗಲ್ಫ್ ಸಂಬಳದವನಿಗೆ ಅಲ್ಲಿ ಸಿಗ್ಲಿಕ್ಕಿಲ್ಲ.

ಪೈವಳಿಕೆಯವಳು

ಒಂಬತ್ತು ದಿನ ಬಿಟ್ಟು ಬರೀತಾ ಇದ್ದೇನೆ. ತಮ್ಮ ಆ ದಿನ ರಾತ್ರಿಯೇ ಅಪ್ಪನಿಗೆ ಹೇಳಿದ. ಅಪ್ಪ ಎರಡು ದಿನ ಅವನ ಹತ್ರ ಮಾತಾಡ್ಲಿಲ್ಲ, ಮೂರನೇ ದಿನ ಜಾಗದ ತೀರ್ವೆ (ಕಂದಾಯ) ರಶೀದಿ ತೆಗ್ದಿಟ್ಟು, ಕೋರ್ಟಲ್ಲಿ ಪುನಃ ಜಾಮೀನು ಕೇಳಿದ್ರೆ ಮಾಷ್ಟ್ರನ್ನು ಕರೀಬೇಡಿ ನಾನು ಬರ್ತೇನೆ ಅಂದ್ರು. ಸ್ಟೇಷನಿಗೆ ಹೋಗಿ ಕೇಳಿದ್ದಕ್ಕೆ ಚಾರ್ಜ್‌ಶೀಟ್ ರೆಡಿಯಾಗಿದೆ, ಈ ವಾರ ಕೋರ್ಟಿಗೆ ಹೋಗ್ತದೆ ಅಂದಿದ್ದಾರೆ. ವಕಾಲತ್ತಿಗೆ ಸಹಿ ಆಯ್ತು. ವಕೀಲರು ತಾರೀಕು ಮುಂಚಿತ ಮಾಡಿಸ್ಲಿಕ್ಕೆ ನೋಡ್ತೇನೆ ಅಂತ ಹೇಳಿದ್ದಾರೆ, ಆಗದಿದ್ರೆ ಟಿಕೆಟ್ ಒಂದು ವಾರ ಮುಂದೆ ಹಾಕುದು ಅಂತ ತಮ್ಮನೇ ಹೇಳಿದ. ಹನ್ನೊಂದು ಸಾವಿರ ಬೇರೆ ತೆಗ್ದಿಟ್ಟಿದ್ದಾನೆ.

ಕುಂಬ್ಳೆಯವರೇ, ಕೋರ್ಟಿಗೆ ಹೋಗುವಾಗ ಪ್ಯಾಂಟ್ ಹಾಕ್ಬೇಕಾ ಮುಂಡು ಸಾಕಾ ಅಂತ ಅಪ್ಪ ಕೇಳ್ತಾ ಇದ್ದಾರೆ.

ಕುಂಬ್ಳೆ ಪ್ಯಾಸೆಂಜರ್

ಮುಂಡು ಸಾಕು ಅಕ್ಕಾ, ಮಡಚಿ ಕಟ್ಟದಿದ್ರೆ ಆಯ್ತು. ಮತ್ತೆ ಬೆಳಿಗ್ಗೆ ಹೊಟ್ಟೆ ತುಂಬ ತಿಂದು ಹೋಗ್ಲಿಕ್ಕೆ ಹೇಳಿ, ಜಡ್ಜಿ ಎಷ್ಟು ಗಂಟೆಗೆ ಏಳ್ತಾರೆ ಅಂತ ಹೇಳ್ಲಿಕ್ಕಾಗುದಿಲ್ಲ.